ವಾಂತಿಭೇದಿಯ ಕ್ರಿಮಿಯನ್ನು ಪಳಗಿಸಿದ ಹಾಫ್‌ಕಿನ್ನರ ವೃತ್ತಾಂತ

ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ಮಾರ್ಗವಾಗಿ ಹೋಗುವವರು ಸುಮಾರು 14 ಕಿಲೋಮೀಟರು ದೂರದಲ್ಲಿ, ತುಂಗಾನದಿಯ ಹಿನ್ನೀರಿನ ದಡದಲ್ಲಿರುವ ಸಕ್ರೆಬೈಲೆಂಬ ಸ್ಥಳದಲ್ಲಿ ಅರಣ್ಯ ಇಲಾಖೆಯವರ ಆನೆಬಿಡಾರವನ್ನು ಕಾಣುವರು. ಹೊಲಗದ್ದೆಗಳನ್ನು ತುಳಿದು ಊರವರಿಗೆ ಉಪದ್ರವ ಕೊಟ್ಟ ಕಾಡಾನೆಯನ್ನು ಹಿಡಿದು ಇಲ್ಲಿಗೆ ತಂದರೆ, ಮೊದಲು ಅದನ್ನು ದಪ್ಪ ಮರದ ದಿಮ್ಮಿಗಳಿಂದ ಕಟ್ಟಿದ ಕ್ರಾಲ್ ಎಂಬ ದೊಡ್ಡಿಯಲ್ಲಿ ನಿಲ್ಲಿಸುವರು. ಮಾವುತರೂ ಕಾವಾಡಿಗಳೂ ಅದನ್ನು ದಿನದಿನಕ್ಕೆ ಪಳಗಿಸುವರು. ಹೀಗೆ ಪಳಗಿದ ಆನೆಗಳಲ್ಲಿ ಕೆಲವು ಮುಂದೆ ಕುಮ್ಕಿಗಳಾಗಿ, ಬೇರೆ ಕಾಡಾನೆಗಳನ್ನು ಹಿಡಿಯುವದರಲ್ಲಿ ಮನುಷ್ಯರಿಗೆ ಸಹಾಯಮಾಡುವವು. ಹಾನಿಮಾಡುವ ಜಾತಿಯಿಂದಲೇ ಹಾನಿಯನ್ನು ತಡೆಯುವ ಸಹಾಯಕನನ್ನು ಪಡೆಯುವ ಈ ರೀತಿಯನ್ನು ನಮ್ಮ ಮಲೆನಾಡಿನ ಓದುಗರು ಬಲ್ಲರು. ಕಣ್ಣಿಗೆ ಕಾಣದಷ್ಟು ಸಣ್ಣದಾದ ಒಂದು ಕ್ರಿಮಿಯನ್ನು ಇದೇ ಪ್ರಕಾರ ಪಳಗಿಸಿದ ಒಬ್ಬ ಮನುಷ್ಯನ ವೃತ್ತಾಂತವನ್ನು ಈ ತಿಂಗಳಲ್ಲಿ ಹೇಳಲಿಚ್ಛಿಸುತ್ತೇವೆ. ಆತನ ಹೆಸರು ವಾಲ್ದೆಮಾರ್ ಹಾಫ್‌ಕಿನ್. ಆ ಕ್ರಿಮಿಯು ವಾಂತಿಭೇದಿಯದು.

ವಾಂತಿಭೇದಿ ಎಂಬ ಹೆಸರನ್ನು ಕೇಳಿದರೆ ನಮ್ಮ ಹಿರಿಯರ ಎದೆ ನಡುಗುತ್ತಿತ್ತು. ಬೆಳಿಗ್ಗೆ ನೇಗಿಲು ಹೊತ್ತು ಗದ್ದೆಗೆ ಹೋದ ಗಟ್ಟಿಮುಟ್ಟಾದ ಆಳು ಅಕ್ಕಿ ತೊಳೆದ ನೀರಿನಂತೆ ಭೇದಿಯಾಗಿ, ಕಣ್ಣು ಗುಳಿಬಿದ್ದು, ಕೈಕಾಲು ಸೆಡೆತು, ದೀಪ ಹಚ್ಚುವ ಹೊತ್ತಿಗೆ ಸಾಯುವದುಂಟು. 1876ರಿಂದ 1878ರ ವರೆಗೆ ಮೈಸೂರು ಸೀಮೆಯನ್ನು ಹಾಳುಮಾಡಿದ ಧಾತು ಈಶ್ವರ ಸಂವತ್ಸರಗಳ ಬರಗಾಲದಲ್ಲಿ, ಹಸಿವಿನಿಂದ ಬಳಲಿದ ಜನರನ್ನು ಈ ವ್ಯಾಧಿಯೂ ಕೊಂಡೊಯ್ದಿತು. ಅನೇಕರು ಇದನ್ನು ಕೆಟ್ಟ ಗಾಳಿಯಿಂದಲೋ ದೃಷ್ಟಿದೋಷದಿಂದಲೋ ಬರುವದೆಂದು ನಂಬಿದ್ದರು. ಆದರೆ 1854ರಲ್ಲಿ ಲಂಡನ್ ಪಟ್ಟಣದ ಜಾನ್ ಸ್ನೋ ಎಂಬ ವೈದ್ಯನು ಇದು ಕುಡಿಯುವ ನೀರಿನಿಂದ ಹರಡುತ್ತದೆಂದು ತೋರಿಸಿದನು. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಎಂಬ ಪಂಡಿತನು ಕಲಕತ್ತೆಯಲ್ಲಿ ರೋಗಿಗಳ ಕರುಳಿನಲ್ಲಿಯೂ ಅಲ್ಲಿಯ ಕೆರೆಯ ನೀರಿನಲ್ಲಿಯೂ ಬಾಗಿದ ಕಡ್ಡಿಯಂತಿರುವ ಕ್ರಿಮಿಯನ್ನು ಕಂಡನು. ರೋಗಿಯ ಮಲವು ಹೊಳೆಗೋ ಬಾವಿಗೋ ಸೇರಿ, ಆ ನೀರನ್ನು ಕುಡಿದವರ ಕರುಳಿಗೆ ಈ ಕ್ರಿಮಿ ಹೋಗುವದು. ತುಂಗೆಯಲ್ಲಿ ಆನೆಗಳು ಮಿಂದದ್ದರಿಂದ ವಾಂತಿಭೇದಿ ಬಾರದು. ಮನುಷ್ಯರ ಹೊಲಸು ನೀರಿಗೆ ಸೇರಿದ್ದರಿಂದಲೇ ಬರುವದು.

ಶತ್ರು ಯಾರೆಂಬದು ಗೊತ್ತಾದ ಮೇಲೆ, ಆತನನ್ನು ತಡೆಯುವ ಬಗೆ ಹೇಗೆಂಬ ಪ್ರಶ್ನೆ ಉಂಟಾಯಿತು. ನಮ್ಮ ಶರೀರದಲ್ಲಿ ಒಂದು ಕಾವಲು ಪಡೆ ಇದೆ. ಅದು ಒಂದು ಸಾರಿ ಕಂಡ ಕ್ರಿಮಿಯ ಗುರುತನ್ನು ನೆನಪಿನಲ್ಲಿಟ್ಟುಕೊಂಡು, ಎರಡನೆಯ ಸಾರಿ ಅದು ಬಂದರೆ ಬೇಗನೆ ಎದುರಿಸುವದು. ರೋಗ ಬರುವದಕ್ಕೆ ಮುಂಚೆಯೇ ಆ ಗುರುತನ್ನು ಕಾವಲಿಗೆ ತೋರಿಸಿಕೊಡುವದು ಲಸಿಕೆಯ ಕೆಲಸ. 1796ರಲ್ಲಿ ಜೆನ್ನರ್ ಎಂಬಾತನು ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆದನು. ಪಾರೀಸಿನ ಲೂಯಿ ಪಾಸ್ತರನು ದನಕುರಿಗಳ ನೆರಡಿರೋಗಕ್ಕೂ, 1885ರಲ್ಲಿ ಹುಚ್ಚುನಾಯಿ ಕಡಿತಕ್ಕೂ ಲಸಿಕೆಗಳನ್ನು ಕಂಡುಹಿಡಿದನು. ಅದೇ ವರ್ಷ ಸ್ಪೇಯಿನ್ ದೇಶದ ಫೆರ್ರಾನ್ ಎಂಬ ವೈದ್ಯನು ವಾಂತಿಭೇದಿಯ ಜೀವಂತ ಕ್ರಿಮಿಗಳನ್ನು ಸಾವಿರಾರು ಜನರಿಗೆ ಚುಚ್ಚಿದನು. ಆದರೆ ಆತನ ಮದ್ದು ಶುದ್ಧವಾಗಿರಲಿಲ್ಲ, ಲೆಕ್ಕವೂ ನಿಖರವಾಗಿರಲಿಲ್ಲ. ಆದಕಾರಣ ಪಂಡಿತರು ಅದನ್ನು ಒಪ್ಪಲಿಲ್ಲ. ರೋಗವನ್ನು ತಡೆಯಬೇಕು, ಆದರೆ ರೋಗವನ್ನು ಕೊಡಬಾರದು: ಈ ಇಕ್ಕಟ್ಟಾದ ದಾರಿಯನ್ನು ಹುಡುಕುವ ಭಾರವು ಹಾಫ್‌ಕಿನ್ನರ ಮೇಲೆ ಬಿತ್ತು.

ಹಾಫ್‌ಕಿನ್ನರು 1860ನೆಯ ಇಸವಿ ಮಾರ್ಚಿ 15ರಲ್ಲಿ, ಆಗ ರಷ್ಯಾ ಚಕ್ರವರ್ತಿಯ ಆಳಿಕೆಯಲ್ಲಿದ್ದ ಒಡೆಸ್ಸಾ ಎಂಬ ರೇವುಪಟ್ಟಣದಲ್ಲಿ ಒಂದು ಯೆಹೂದ್ಯ ಕುಟುಂಬದಲ್ಲಿ ಹುಟ್ಟಿದರು. ಆ ಊರಿನ ವಿದ್ಯಾಪೀಠದಲ್ಲಿ ಇಲ್ಯಾ ಮೆಚ್ನಿಕೋಫ್ ಎಂಬ ಮಹಾಪಂಡಿತನ ಬಳಿಯಲ್ಲಿ ಪ್ರಾಣಿಶಾಸ್ತ್ರವನ್ನು ಕಲಿತರು. ರಕ್ತದಲ್ಲಿರುವ ಕೆಲವು ಕಣಗಳು ಕ್ರಿಮಿಗಳನ್ನು ನುಂಗುತ್ತವೆಂದು ಕಂಡುಹಿಡಿದವನು ಈ ಮೆಚ್ನಿಕೋಫನೇ. 1881ರಲ್ಲಿ ರಷ್ಯಾದ ಚಕ್ರವರ್ತಿಯು ಕೊಲೆಯಾದ ತರುವಾಯ ಅನೇಕ ಪಟ್ಟಣಗಳಲ್ಲಿ ಯೆಹೂದ್ಯರ ಮನೆಗಳ ಮೇಲೆ ಜನರ ಗುಂಪುಗಳು ಬಿದ್ದು ಸುಲಿದವು. ತರುಣರಾದ ಹಾಫ್‌ಕಿನ್ನರು ತಮ್ಮ ಜನರನ್ನು ಕಾಪಾಡುವವರ ಸಂಗಡ ನಿಂತು ಗಾಯಗೊಂಡರು, ಸೆರೆಮನೆಯನ್ನೂ ಕಂಡರು. ಗುರುವಾದ ಮೆಚ್ನಿಕೋಫನು ಮಧ್ಯಸ್ಥನಾಗಿ ಮಾತಾಡಿದ್ದರಿಂದ ಬಿಡುಗಡೆಯಾಯಿತು.

ವಿದ್ಯೆಯಲ್ಲಿ ಅಷ್ಟು ಮುಂದಾಗಿದ್ದರೂ ಅವರಿಗೆ ಆ ದೇಶದಲ್ಲಿ ಉಪಾಧ್ಯಾಯರ ಪದವಿ ದೊರೆಯಲಿಲ್ಲ. ಚಕ್ರವರ್ತಿಯ ಸಭೆಯನ್ನು ಸೇರಿದರೆ ಪದವಿ ದೊರೆಯುವ ಮಾರ್ಗವಿತ್ತು. ಅವರು ಅದನ್ನು ನಿರಾಕರಿಸಿದರು. ನಂಬಿಕೆಯ ವಿಷಯದಲ್ಲಿ ಅವರ ದಾರಿಯೂ ನಮ್ಮ ದಾರಿಯೂ ಬೇರೆ. ಆದಾಗ್ಯೂ ನಂಬಿಕೆಯು ಸಂಬಳಕ್ಕಾಗಿ ಕೊಳ್ಳತಕ್ಕದ್ದೂ ಅಲ್ಲ, ಮಾರತಕ್ಕದ್ದೂ ಅಲ್ಲವೆಂಬದನ್ನು ನಮ್ಮ ಸಭೆಗಳವರು ಚೆನ್ನಾಗಿ ಬಲ್ಲರು. ಯಾಕಂದರೆ ಲಾಭಕ್ಕಾಗಿ ಮತವನ್ನು ಬದಲಿಸಿದರೆಂಬ ನಿಂದೆಯನ್ನು ನಮ್ಮ ಹಿರಿಯರೂ ಕೇಳಿಸಿಕೊಂಡಿದ್ದಾರೆ. ಹಾಫ್‌ಕಿನ್ನರು ಬಡತನವನ್ನು ಆರಿಸಿಕೊಂಡು ಒಡೆಸ್ಸಾದ ವಸ್ತುಸಂಗ್ರಹಾಲಯದಲ್ಲಿ ಸಣ್ಣ ಕೆಲಸದಲ್ಲಿದ್ದರು. 1888ರಲ್ಲಿ ದೇಶವನ್ನು ಬಿಟ್ಟು ಸ್ವಿಜರ್‌ಲ್ಯಾಂಡಿನ ಜಿನೇವಕ್ಕೆ ಹೋದರು. ಮರುವರ್ಷ ಪಾರೀಸಿಗೆ ಬಂದು, ಪಾಸ್ತರನ ಸಂಸ್ಥೆಯಲ್ಲಿದ್ದ ತಮ್ಮ ಗುರುವನ್ನು ಸೇರಿದರು. ಅಲ್ಲಿ ಬರಿದಾಗಿದ್ದ ಕೆಲಸವು ಪುಸ್ತಕಭಂಡಾರದ್ದೊಂದೇ. ಅದನ್ನೇ ಕೈಕೊಂಡು, ಬಿಡುವಿನ ವೇಳೆಯನ್ನೆಲ್ಲಾ ಪ್ರಯೋಗಶಾಲೆಯಲ್ಲಿ ಕಳೆದರು.

ಅಲ್ಲಿ ಅವರು ಮಾಡಿದ ಕೆಲಸವನ್ನು ಸಕ್ರೆಬೈಲಿನ ದೃಷ್ಟಾಂತದಿಂದ ತಿಳಿಯಬಹುದು. ಕಾಡಾನೆಯನ್ನು ಪಳಗಿಸುವದಕ್ಕೆ ಮೊದಲು ಅದರ ಬಲವನ್ನು ಅರಿಯಬೇಕು. ವಾಂತಿಭೇದಿಯ ಕ್ರಿಮಿಯು ಒಂದೊಂದು ಸಾರಿ ಒಂದೊಂದು ಬಲದಲ್ಲಿ ಇರುತ್ತಿದ್ದದರಿಂದ ಯಾವ ಲೆಕ್ಕಕ್ಕೂ ಸಿಕ್ಕುತ್ತಿರಲಿಲ್ಲ. ಹಾಫ್‌ಕಿನ್ನರು ಅದನ್ನು ಗಿನಿಹಂದಿ ಎಂಬ ಸಣ್ಣ ಪ್ರಾಣಿಗಳ ಹೊಟ್ಟೆಯೊಳಗೆ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗಿ, ಅದರ ಬಲವನ್ನು ಹೆಚ್ಚಿಸಿ ಒಂದೇ ಸಮಕ್ಕೆ ತಂದರು. ಬಳಿಕ ಆ ಬಲಿಷ್ಠ ಕ್ರಿಮಿಯನ್ನು 39 ಡಿಗ್ರಿ ಶಾಖದಲ್ಲಿ, ಎಡೆಬಿಡದೆ ಗಾಳಿ ಹಾಯಿಸುತ್ತಾ ಬೆಳಸಿ ದುರ್ಬಲಗೊಳಿಸಿದರು. ಹೀಗೆ ಎರಡು ಮದ್ದುಗಳಾದವು. ಮೊದಲು ದುರ್ಬಲವಾದದ್ದನ್ನು ಚುಚ್ಚಿದರೆ ಶರೀರದ ಕಾವಲು ಎಚ್ಚರಗೊಳ್ಳುವದು. ಕೆಲವು ದಿವಸಗಳಾದ ಮೇಲೆ ಬಲವಾದದ್ದನ್ನು ಚುಚ್ಚಿದರೂ ಎಚ್ಚರಗೊಂಡ ಶರೀರವು ಅದನ್ನು ತಾಳುವದು, ಕಾವಲು ಇನ್ನಷ್ಟು ಗಟ್ಟಿಯಾಗುವದು. ಚುಚ್ಚುವ ಸ್ಥಳವನ್ನೂ ಅವರು ಯೋಚಿಸಿ ಆರಿಸಿದರು. ಈ ಕ್ರಿಮಿಯ ಹಾವಳಿ ಕರುಳಿನಲ್ಲಿಯೇ ಹೊರತು ಚರ್ಮದ ಕೆಳಗೆ ಅಲ್ಲ. ಆದಕಾರಣ ಪಕ್ಕೆಯ ಚರ್ಮದಡಿಯಲ್ಲಿ ಚುಚ್ಚಿದರೆ ಜ್ವರವೂ ಊತವೂ ಬಂದಾವು, ವಾಂತಿಭೇದಿ ಬಾರದು.

ಮೊಲಗಳಲ್ಲಿಯೂ ಗಿನಿಹಂದಿಗಳಲ್ಲಿಯೂ ಇದು ಸರಿಬಂದಿತು. ಮನುಷ್ಯನಲ್ಲಿ ಪರೀಕ್ಷಿಸುವದಕ್ಕೆ ಯಾರನ್ನು ಕರೆಯಬೇಕು? ಹಾಫ್‌ಕಿನ್ನರು ಬೇರೆ ಯಾರನ್ನೂ ಕರೆಯದೆ, 1892ನೆಯ ಜುಲೈ 18ರಲ್ಲಿ ಮೊದಲನೆಯ ಮದ್ದನ್ನು ತಾವೇ ಚುಚ್ಚಿಸಿಕೊಂಡರು. ಜ್ವರ ಬಂದು, ಚುಚ್ಚಿದ ಸ್ಥಳದಲ್ಲಿ ನೋವಾಗಿ, ಕೆಲವು ದಿನಗಳಲ್ಲಿ ಶಮನವಾಯಿತು. ಆರು ದಿವಸಗಳ ಮೇಲೆ ಎರಡನೆಯ ಮದ್ದನ್ನೂ ತೆಗೆದುಕೊಂಡರು. ರಷ್ಯಾ ದೇಶದವರಾದ ಅವರ ಮೂವರು ಸ್ನೇಹಿತರೂ ಹಾಗೆಯೇ ಮಾಡಿಸಿಕೊಂಡರು. ಯಾರಿಗೂ ಅಪಾಯವಾಗಲಿಲ್ಲ. ಆಗ ರಷ್ಯಾ ದೇಶದಲ್ಲಿ ವಾಂತಿಭೇದಿ ಉಗ್ರವಾಗಿತ್ತು. ಆದರೂ ಅವರ ಮದ್ದನ್ನು ಅಲ್ಲಿಯ ಸರಕಾರದವರು ಸ್ವೀಕರಿಸಲಿಲ್ಲ. ಹೀಗಿರಲಾಗಿ, ಹಿಂದೆ ಹಿಂದೂ ದೇಶದ ವೈಸರಾಯರಾಗಿದ್ದು ಆಗ ಪಾರೀಸಿನಲ್ಲಿ ಇಂಗ್ಲೆಂಡಿನ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ನರ ಸಹಾಯದಿಂದ ಅವರಿಗೆ ನಮ್ಮ ದೇಶಕ್ಕೆ ಬರುವ ದಾರಿ ತೆರೆಯಿತು.

1893ನೆಯ ಮಾರ್ಚಿಯಲ್ಲಿ ಹಾಫ್‌ಕಿನ್ನರು ಕಲಕತ್ತೆಗೆ ಬಂದರು. ಆಗ ಅವರಿಗೆ ವಯಸ್ಸು 33. ಅವರು ವೈದ್ಯಪರೀಕ್ಷೆ ಕೊಟ್ಟವರಲ್ಲ, ಪ್ರಾಣಿಶಾಸ್ತ್ರಜ್ಞರು. ಇದನ್ನೇ ಹಿಡಿದು ಅನೇಕ ವೈದ್ಯಾಧಿಕಾರಿಗಳು ಅವರನ್ನು ಸಂಶಯದಿಂದ ನೋಡಿದರು. ಪರದೇಶದಿಂದ ಬಂದವನು ಸೂಜಿಯಿಂದ ಏನನ್ನು ಒಳಗೆ ಹಾಕುವನೋ ಎಂಬ ಭಯವು ಊರೂರಿನಲ್ಲಿ ಜನರಿಗೂ ಇತ್ತು. ಈ ಭಯವನ್ನು ಅವರು ಗದರಿಕೆಯಿಂದ ಗೆಲ್ಲಲಿಲ್ಲ. ಜನರ ಎದುರಿನಲ್ಲಿ ತಾವು ಚುಚ್ಚಿಸಿಕೊಂಡರು. ಸಂಗಡ ಕೆಲಸಮಾಡಿದ ಈ ದೇಶದ ವೈದ್ಯರೂ ಚುಚ್ಚಿಸಿಕೊಂಡರು. ನೋಡಿದವರಲ್ಲಿ ಕೆಲವರು ಮುಂದೆ ಬಂದರು, ಕೆಲವರು ಹಿಂದೆ ಸರಿದರು. ಯಾರನ್ನೂ ಬಲಾತ್ಕರಿಸಲಿಲ್ಲ.

ಅವರ ಕೆಲಸದ ಇನ್ನೊಂದು ವಿಶೇಷವು ಲೆಕ್ಕದ ನಿಷ್ಠೆ. ಒಂದು ಊರಿನವರೆಲ್ಲರಿಗೂ ಮದ್ದು ಕೊಟ್ಟು, ಆ ಮೇಲೆ ರೋಗ ಬಾರದಿದ್ದರೆ, ಅದು ಮದ್ದಿನಿಂದಲೋ ರೋಗವು ತಾನಾಗಿಯೇ ಹೊರಟುಹೋದದ್ದರಿಂದಲೋ ಹೇಳುವದಕ್ಕಾಗದು. ಆದಕಾರಣ ಒಂದೇ ಕೇರಿಯಲ್ಲಿ, ಒಂದೇ ನೀರನ್ನು ಕುಡಿಯುವವರಲ್ಲಿ, ಚುಚ್ಚಿಸಿಕೊಂಡವರನ್ನೂ ಚುಚ್ಚಿಸಿಕೊಳ್ಳದವರನ್ನೂ ಬೇರೆಬೇರೆಯಾಗಿ ಎಣಿಸಬೇಕೆಂದು ಅವರು ಹಟಹಿಡಿದರು. 1894ರಲ್ಲಿ ಕಲಕತ್ತೆಯ ಕಟ್ಟಲ್‌ಬಗಾನ್ ಎಂಬ ಬಡವರ ಕೇರಿಯಲ್ಲಿ ವಾಂತಿಭೇದಿ ಕಾಣಿಸಿತು. ಸುಮಾರು 200 ಮಂದಿಯಲ್ಲಿ 116 ಮಂದಿ ಚುಚ್ಚಿಸಿಕೊಂಡರು. ಆ ಮೇಲೆ ರೋಗಬಿದ್ದವರೆಲ್ಲರೂ ಚುಚ್ಚಿಸಿಕೊಳ್ಳದೆ ಉಳಿದವರೇ ಆಗಿದ್ದರು. ಈ ಸಂಗತಿಯನ್ನು ನೋಡಿ ಪಟ್ಟಣದ ಆರೋಗ್ಯಾಧಿಕಾರಿಯಾದ ಸಿಂಪ್ಸನ್ ದೊರೆಗಳು ಅವರಿಗೆ ದೃಢವಾದ ಸ್ನೇಹಿತರಾದರು. ಆಗ್ರಾ, ಗಯಾ, ಅಸ್ಸಾಮಿನ ಚಹಾತೋಟಗಳು ಹೀಗೆ ಸಂಚರಿಸುತ್ತಾ ಎರಡೂವರೆ ವರ್ಷಗಳೊಳಗೆ 42,000ಕ್ಕೂ ಮಿಗಿಲಾದ ಜನರಿಗೆ ಅವರು ಚುಚ್ಚುಮದ್ದು ಕೊಟ್ಟರು. ತಮ್ಮ ಮದ್ದಿನ ಕೊರತೆಯನ್ನೂ ಅವರು ಮುಚ್ಚಲಿಲ್ಲ. ಕಾವಲು ಏರುವದಕ್ಕೆ ಕೆಲವು ದಿನಗಳು ಬೇಕು, ಕಾಲ ಕಳೆದಂತೆ ಅದು ಕುಂದುವದು, ಮದ್ದು ತೆಗೆದುಕೊಂಡೂ ರೋಗಬಿದ್ದವನಿಗೆ ಸಾವಿನ ಅಪಾಯ ಕಡಿಮೆಯಾಗುವದಿಲ್ಲ ಎಂಬ ಮೂರು ಸಂಗತಿಗಳನ್ನು ತಮ್ಮ ವರದಿಯಲ್ಲಿ ತಾವೇ ಬರೆದರು. ಕಡೆಗೆ ಮಲೇರಿಯಾ ಜ್ವರದಿಂದ ಬಳಲಿ 1895ರಲ್ಲಿ ಇಂಗ್ಲೆಂಡಿಗೆ ಹಿಂದಿರುಗಿದರು.

1896ರಲ್ಲಿ ಅವರು ಪುನಃ ಬಂದಾಗ ಬೊಂಬಾಯಿಯಲ್ಲಿ ಪ್ಲೇಗು ಹುಟ್ಟಿತ್ತು. ಸರಕಾರದವರು ಅವರನ್ನು ಅಲ್ಲಿಗೆ ಕಳುಹಿಸಿದರು. ಗ್ರಾಂಟ್ ವೈದ್ಯಶಾಲೆಯ ಇಕ್ಕಟ್ಟಾದ ಒಂದು ಸ್ಥಳದಲ್ಲಿ, ಒಬ್ಬ ಗುಮಾಸ್ತನನ್ನೂ ಮೂವರು ಜವಾನರನ್ನೂ ಇಟ್ಟುಕೊಂಡು, ಮೂರು ತಿಂಗಳೊಳಗೆ ಹೊಸ ಲಸಿಕೆಯನ್ನು ಮಾಡಿದರು. ಈ ಸಾರಿ ಅವರು ಜೀವಂತ ಕ್ರಿಮಿಯನ್ನು ಉಪಯೋಗಿಸಲಿಲ್ಲ. ಪಳಗಿದ ಆನೆಗೂ ಮದವೇರುವ ಕಾಲವುಂಟು. ಮಾವುತನು ಆಗ ಹತ್ತಿರ ಹೋಗನು. ಹಾಗೆಯೇ ದುರ್ಬಲವಾದ ಕ್ರಿಮಿಯಾದರೂ ಜೀವದಿಂದಿರುವ ವರೆಗೆ ಅಪಾಯವು ಸಂಪೂರ್ಣವಾಗಿ ನೀಗಿತೆಂದು ಹೇಳುವದಕ್ಕಾಗದು. ಆದಕಾರಣ ಪ್ಲೇಗಿನ ಕ್ರಿಮಿಗಳನ್ನು ಮಾಂಸದ ಸಾರಿನಲ್ಲಿ ತುಪ್ಪದ ಹನಿಗಳ ಕೆಳಗೆ ಸಮೃದ್ಧಿಯಾಗಿ ಬೆಳಸಿ, ಶಾಖದಿಂದ ಕೊಂದು, ಆ ಸತ್ತ ಕ್ರಿಮಿಗಳನ್ನೂ ಅವು ಬೆಳೆದ ರಸವನ್ನೂ ಮದ್ದಾಗಿ ಮಾಡಿದರು. ಸತ್ತ ಕಳ್ಳನ ಮುಖವನ್ನು ತೋರಿಸಿದರೂ ಕಾವಲುಗಾರನು ಆತನ ಕೂಟದವರನ್ನು ಗುರುತಿಸಬಹುದಷ್ಟೆ. 1897ನೆಯ ಜನವರಿ 10ರಲ್ಲಿ ಇದನ್ನೂ ಮೊದಲು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡರು. ಅದೇ ತಿಂಗಳ ಕಡೆಯಲ್ಲಿ ಬೈಕಲಾ ಸೆರೆಮನೆಯಲ್ಲಿ ಒಪ್ಪಿದವರಿಗೆ ಚುಚ್ಚಿ ಪರೀಕ್ಷಿಸಿದರು.

ಈ ಮದ್ದೇ ನಮ್ಮ ಕನ್ನಡ ನಾಡಿಗೂ ಬಂದಿತು. 1898ರಲ್ಲಿ ಹುಬ್ಬಳ್ಳಿ ಧಾರವಾಡಗಳಲ್ಲಿ ಪ್ಲೇಗು ಹರಡಿದಾಗ ಸಾವಿರಾರು ಜನರು ಇದನ್ನು ಚುಚ್ಚಿಸಿಕೊಂಡರು. ಅದೇ ವರ್ಷ ಬೆಂಗಳೂರಿಗೂ ಪ್ಲೇಗು ಬಂದಿತು. ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಲವನ್ನು ನಮ್ಮ ಸೀಮೆಯ ಹಿರಿಯರು ಮಕ್ಕಳಿಗೆ ಹೇಳುತ್ತಾ ಬಂದಿದ್ದಾರೆ. 1899ರಲ್ಲಿ ಹಾಫ್‌ಕಿನ್ನರ ಪ್ರಯೋಗಶಾಲೆಯು ಬೊಂಬಾಯಿಯ ಪರೇಲಿನಲ್ಲಿದ್ದ ಹಳೆಯ ಗವರ್ನರ ಬಂಗಲೆಗೆ ಬದಲಾಯಿತು. ಅಲ್ಲಿಂದ ಲಕ್ಷಾಂತರ ಸೀಸೆಗಳು ದೇಶದ ಎಲ್ಲಾ ಮೂಲೆಗಳಿಗೂ ಹೋಗಹತ್ತಿದವು.

ಆದರೆ ಹೊಗಳಿಕೆಯ ಕಾಲವು ಬಹುದಿನ ನಿಲ್ಲಲಿಲ್ಲ. 1902ನೆಯ ಅಕ್ಟೋಬರ್ 30ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಪ್ಲೇಗಿನ ಮದ್ದನ್ನು ಚುಚ್ಚಿದರು. ಒಂದು ವಾರ ಕಳೆಯುವಷ್ಟರಲ್ಲಿ ಅವರಲ್ಲಿ 19 ಮಂದಿಗೆ ದವಡೆ ಕಚ್ಚಿಕೊಂಡು, ಮೈ ಬಿಲ್ಲಿನಂತೆ ಬಾಗಿ, ಧನುರ್ವಾಯು ಬಂದಿತು. ಹತ್ತೊಂಬತ್ತು ಮಂದಿಯೂ ಸತ್ತರು. ಪ್ಲೇಗಿನಿಂದ ತಪ್ಪಿಸಿಕೊಳ್ಳಬೇಕೆಂದು ನಂಬಿ ತೋಳೊಡ್ಡಿದವರು ಅವರು. ಆ ಮನೆಗಳ ದುಃಖವನ್ನು ನಾವು ಹಗುರವಾಗಿ ಹೇಳಲಾರೆವು. ಈ 19 ಮಂದಿಗೂ ಮದ್ದು ಒಂದೇ ಸೀಸೆಯಿಂದ ಹೋಗಿತ್ತೆಂದೂ, ಬೇರೆ ಸೀಸೆಗಳಿಂದ ಪಡೆದವರೆಲ್ಲರು ಸುಖವಾಗಿದ್ದರೆಂದೂ ವಿಚಾರಣೆಯಲ್ಲಿ ತಿಳಿದುಬಂದಿತು.

ಸರಕಾರದವರು ನೇಮಿಸಿದ ವಿಚಾರಣೆಯ ಮಂಡಳಿಯು, ಸೀಸೆ ತೆರೆಯುವದಕ್ಕೆ ಮುಂಚೆಯೇ ಪ್ರಯೋಗಶಾಲೆಯಲ್ಲಿ ಧನುರ್ವಾಯುವಿನ ಕ್ರಿಮಿ ಸೇರಿತ್ತೆಂದು ತೀರ್ಮಾನಿಸಿತು. ಹಾಫ್‌ಕಿನ್ನರು ಮದ್ದನ್ನು ಬೇಗನೆ ತಯಾರಿಸುವದಕ್ಕಾಗಿ ಕಾರ್ಬಾಲಿಕ್ ದ್ರಾವಕವನ್ನು ಬಿಟ್ಟು ಶಾಖದಿಂದ ಮಾತ್ರ ಶುದ್ಧಿಮಾಡುತ್ತಿದ್ದರೆಂಬದು ಅವರ ಮೇಲಣ ಮುಖ್ಯ ಆಕ್ಷೇಪ. ಅವರನ್ನು ಕೆಲಸದಿಂದ ತಡೆಹಿಡಿದರು. ಅಪವಾದವನ್ನು ಹೊತ್ತು 1904ರಲ್ಲಿ ಅವರು ಈ ದೇಶವನ್ನು ಬಿಟ್ಟರು. ಎಷ್ಟೋ ಸಾವಿರ ಪ್ರಾಣಗಳನ್ನು ಉಳಿಸಿದ ಹೆಸರು ಒಂದು ಸೀಸೆಯ ನಿಮಿತ್ತ ಹೀಗೆ ಕೆಟ್ಟಿತು.

ಹಾಫ್‌ಕಿನ್ನರು ಕೋಪದಿಂದ ಕೂಗಾಡಲಿಲ್ಲ. ಸಾಕ್ಷ್ಯಗಳನ್ನು ಒಂದೊಂದಾಗಿ ಪರಿಶೋಧಿಸಿದರು. ಆ ದಿನ ಹಳ್ಳಿಯಲ್ಲಿ ಸೀಸೆಯ ಬಿರಡೆಯನ್ನು ಕೀಳುವ ಇಕ್ಕಳವು ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸದೆ, ದ್ರಾವಕದಲ್ಲಿ ಅದ್ದಿ ತೆಗೆದು ಆ ಸೀಸೆಯನ್ನು ತೆರೆದಿದ್ದರು. ಧನುರ್ವಾಯುವಿನ ಕ್ರಿಮಿಯು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ವಾಸಿಸುವದೆಂಬದನ್ನು ಓದುಗರು ಜ್ಞಾಪಕದಲ್ಲಿಡಬೇಕು. ಆ ಕ್ರಿಮಿಯು ಬೊಂಬಾಯಿಯಲ್ಲಿಯೇ ಸೇರಿ ವಾರಗಟ್ಟಲೆ ಸೀಸೆಯಲ್ಲಿ ಬೆಳೆದಿದ್ದರೆ, ತೆರೆದ ಕೂಡಲೆ ದುರ್ವಾಸನೆ ಬರಬೇಕಾಗಿತ್ತು; ಬರಲಿಲ್ಲ. ರೋಗವೂ ಬೇಗನೆ ಕಾಣಿಸಬೇಕಾಗಿತ್ತು. ಹಾಗಾಗದೆ ದಿನಗಳು ಕಳೆದ ಮೇಲೆ ಕಾಣಿಸಿತು. ಹಳೆಯ ಸ್ನೇಹಿತರಾದ ಸಿಂಪ್ಸನ್ನರೂ, ಮಲೇರಿಯಾ ಸೊಳ್ಳೆಯಿಂದ ಹರಡುವದೆಂದು ಕಂಡುಹಿಡಿದ ರೊನಾಲ್ಡ್ ರಾಸರೂ, ಇತರ ಪಂಡಿತರೂ ಅವರ ಪಕ್ಷವಾಗಿ 1907ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬರೆದರು. ಆ ವರ್ಷದ ಕಡೆಯಲ್ಲಿ ಸರಕಾರವು ಅವರ ಮೇಲಣ ಅಪವಾದವನ್ನು ತೆಗೆದುಹಾಕಿ, ಕಲಕತ್ತೆಯಲ್ಲಿ ಪುನಃ ಕೆಲಸ ಕೊಟ್ಟಿತು. ಐದು ವರ್ಷಗಳು ಅಷ್ಟರಲ್ಲಿ ಹೋಗಿದ್ದವು.

ಇಲ್ಲಿ ನಾವು ಎರಡು ಪಾಠಗಳನ್ನು ಕಾಣುತ್ತೇವೆ. ಲಸಿಕೆಗಾಗಿ ಆರಿಸಿದ ಕ್ರಿಮಿ ಎಷ್ಟು ನಿರಪಾಯವಾದರೂ, ಸೀಸೆ ಸೂಜಿ ಕೈ ಇವು ಶುದ್ಧವಾಗಿರದಿದ್ದರೆ ಮದ್ದೇ ವಿಷವಾಗುವದು. ಇದು ಮೊದಲನೆಯದು. ಸತ್ತ 19 ಮಂದಿಗೆ ನ್ಯಾಯ ದೊರೆಯಬೇಕಾದದ್ದು ಯಾರಾದರೊಬ್ಬರನ್ನು ದಂಡಿಸುವದರಿಂದಲ್ಲ, ನಿಜವಾದ ಕಾರಣವನ್ನು ಹುಡುಕಿ ಅದು ಪುನಃ ಆಗದಂತೆ ಮಾಡುವದರಿಂದ. ಇದು ಎರಡನೆಯದು. ವಿಚಾರಿಸದೆ ಅಪವಾದ ಹೊರಿಸಿದರೆ ಮನುಷ್ಯನೊಬ್ಬನು ಕೆಡುವನು, ಕಾರಣವು ಮಾತ್ರ ಹಾಗೆಯೇ ಉಳಿಯುವದು.

ಹಾಫ್‌ಕಿನ್ನರು ಕಲಕತ್ತೆಗೆ ಬಂದ ಮೇಲೆ ತಮ್ಮ ಮೊದಲನೆಯ ಪ್ರಶ್ನೆಗೆ ತಿರುಗಿದರು. ಜರ್ಮನಿಯ ಕೋಲ್ಲೆ ಎಂಬಾತನು 1896ರಲ್ಲಿ ವಾಂತಿಭೇದಿಯ ಕ್ರಿಮಿಗಳನ್ನು ಶಾಖದಿಂದ ಕೊಂದು ಲಸಿಕೆ ಮಾಡಿದ್ದನು. ಹಾಫ್‌ಕಿನ್ನರೂ ಜೀವಂತ ಮದ್ದನ್ನು ಬಿಟ್ಟು ಸತ್ತ ಕ್ರಿಮಿಯ ಮದ್ದನ್ನು ಶೋಧಿಸಿ, 1913ರಲ್ಲಿ ಅದರ ವಿಷಯವಾಗಿ ಪುಸ್ತಕವನ್ನು ಬರೆದರು. ತಾವು ಕಟ್ಟಿದ್ದನ್ನು ತಾವೇ ತಿದ್ದುವದು ಎಲ್ಲರಿಂದ ಆಗುವ ಕೆಲಸವಲ್ಲ. ಉದ್ಯೋಗದಿಂದ ನಿವೃತ್ತರಾದ ಮೇಲೆ ಅವರು ಫ್ರಾನ್ಸಿನಲ್ಲಿ ವಾಸಮಾಡಿ, ತಮ್ಮ ಪಿತೃಗಳ ಮತದ ಆಚಾರಗಳನ್ನು ನಿಷ್ಠೆಯಿಂದ ನಡಿಸಿದರು. ಮದುವೆಯಾಗಲಿಲ್ಲ. ತಮ್ಮ ಆಸ್ತಿಯನ್ನು ತಮ್ಮ ಜನರ ಧರ್ಮಪಾಠಶಾಲೆಗಳಿಗೆ ಬರೆದುಕೊಟ್ಟು, 1930ನೆಯ ಅಕ್ಟೋಬರ್ 26ರಲ್ಲಿ ಸ್ವಿಜರ್‌ಲ್ಯಾಂಡಿನ ಲೋಸಾನ್ ಪಟ್ಟಣದಲ್ಲಿ ತೀರಿಹೋದರು. ಪರೇಲಿನ ಪ್ರಯೋಗಶಾಲೆಗೆ 1925ರಲ್ಲಿಯೇ ಅವರ ಹೆಸರನ್ನಿಟ್ಟಿದ್ದರು. ಹಾಫ್‌ಕಿನ್ ಸಂಸ್ಥೆಯು ಇಂದಿಗೂ ಮುಂಬಯಿಯಲ್ಲಿದೆ. 1964ರಲ್ಲಿ ನಮ್ಮ ಅಂಚೆ ಇಲಾಖೆಯವರು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿದರು.

ಅವರು ಹಿಡಿದ ದಾರಿಯು ಅವರ ಮರಣದಿಂದ ನಿಲ್ಲಲಿಲ್ಲ. ಜೀವಂತ ಕ್ರಿಮಿಯಿಂದ ಸತ್ತ ಕ್ರಿಮಿಗೆ ಬಂದ ವಿದ್ಯೆಯು, ಈಗ ಕ್ರಿಮಿಯ ಯಾವ ಒಂದು ಭಾಗವನ್ನು ತೋರಿಸಿದರೆ ಸಾಕೆಂದು ಹುಡುಕುತ್ತಿದೆ. 1959ರಲ್ಲಿ ಕಲಕತ್ತೆಯ ಶಂಭುನಾಥ ಡೇ ಎಂಬ ಪಂಡಿತರು ಮೊಲದ ಕರುಳಿನಲ್ಲಿ ಪರೀಕ್ಷಿಸಿ, ವಾಂತಿಭೇದಿಯ ಕ್ರಿಮಿ ಹೊರಬಿಡುವ ಒಂದು ವಿಷವೇ ಕರುಳಿನಿಂದ ನೀರನ್ನು ಸುರಿಸುತ್ತದೆಂದು ತೋರಿಸಿದರು. ಆ ವಿಷಕ್ಕೆ ಎರಡು ಅಂಗಗಳುಂಟೆಂದು ತರುವಾಯ ತಿಳಿಯಿತು. ಒಂದು ಅಂಗವು ಕರುಳಿನ ಗೋಡೆಯನ್ನು ಹಿಡಿಯುವ ಕೈಯಂತಿದೆ. ಇನ್ನೊಂದು ಒಳನುಗ್ಗಿ ಹಾನಿಮಾಡುವದು. ಹಿಡಿಯುವ ಕೈಯನ್ನು ಮಾತ್ರ ಬೇರ್ಪಡಿಸಿ ಕೊಟ್ಟರೆ ಹಾನಿಯಿಲ್ಲ; ಆದರೆ ಕಾವಲು ಅದರ ಗುರುತನ್ನು ಕಲಿಯುವದು. ಸ್ವೀಡನ್ ದೇಶದ ಪಂಡಿತರು ಈ ಅಂಗವನ್ನು ಸತ್ತ ಕ್ರಿಮಿಗಳೊಡನೆ ಸೇರಿಸಿ, ಬಾಯಿಂದ ಕುಡಿಯುವ ಲಸಿಕೆಯನ್ನು ಮಾಡಿದರು. ಕರುಳಿಗೆ ಬರುವ ಶತ್ರುವಿಗೆ ಕರುಳಿನಲ್ಲಿಯೇ ಕಾವಲಿಡುವದು ಲೇಸು. 2009ರಲ್ಲಿ ಹೈದರಾಬಾದಿನಲ್ಲಿ ತಯಾರಾದ ಕುಡಿಯುವ ಲಸಿಕೆಗೂ ನಮ್ಮ ದೇಶದಲ್ಲಿ ಅನುಮತಿ ದೊರೆಯಿತು. ಅದರಲ್ಲಿದ್ದವು ಸತ್ತ ಕ್ರಿಮಿಗಳು ಮಾತ್ರ.

ಸರಿಯಾದ ಗುರುತನ್ನು ಆರಿಸುವದು ಸುಲಭವಲ್ಲ. ನಮ್ಮ ಕರುಳಿನಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳೂ ಅಸಂಖ್ಯಾತವಾಗಿವೆ. ಊರಿನವರೆಲ್ಲರು ಹೊದೆಯುವ ಕಂಬಳಿಯನ್ನೇ ಕಳ್ಳನ ಗುರುತೆಂದು ಕಾವಲುಗಾರನಿಗೆ ಹೇಳಿಕೊಟ್ಟರೆ ಆತನು ನೆಂಟರನ್ನೂ ಹೊಡೆದಾನು. ಆದಕಾರಣ ಆರಿಸಿದ ಗುರುತು ಶತ್ರುವಿನಲ್ಲಿ ಮಾತ್ರ ಇರಬೇಕು, ನಮ್ಮ ಶರೀರದ ಅಂಗಗಳನ್ನು ಹೋಲಬಾರದು, ಕ್ರಿಮಿಯ ಹೊರಮೈಯಲ್ಲಿ ಕಾಣುವಂತಿರಬೇಕು, ತಾನು ವಿಷವಾಗಿರಬಾರದು. ಕ್ರಿಮಿಯು ವೇಷ ಬದಲಿಸುವದೂ ಉಂಟು. 1992ರಲ್ಲಿ ಮದ್ರಾಸಿನಲ್ಲಿಯೂ ಬಂಗಾಳದಲ್ಲಿಯೂ ಹೊಸ ಹೊದಿಕೆಯನ್ನು ಹೊದ್ದ ವಾಂತಿಭೇದಿಯ ಕ್ರಿಮಿ ಕಾಣಿಸಿದಾಗ, ಹಳೆಯ ರೋಗವನ್ನು ಗೆದ್ದಿದ್ದವರ ಕಾವಲೂ ಅದನ್ನು ಗುರುತಿಸಲಿಲ್ಲ. 2000ರಲ್ಲಿ ಈ ಕ್ರಿಮಿಯ ವಂಶಲಿಪಿಯನ್ನು ಪಂಡಿತರು ಪೂರ್ತಿಯಾಗಿ ಓದಿದರು. ಈಗ ಗಣಕಯಂತ್ರದ ಸಹಾಯದಿಂದ ಇಂಥ ಲಿಪಿಗಳನ್ನು ಸಾಲುಸಾಲಾಗಿ ಹೋಲಿಸಿ ನಿರಪಾಯವಾದ ಗುರುತುಗಳನ್ನು ಹುಡುಕುವರು. ಆದಾಗ್ಯೂ ರಕ್ತಭೇದಿಯ ಶಿಗೆಲ್ಲ ಎಂಬ ಕ್ರಿಮಿಗೆ ಲೋಕದಲ್ಲೆಲ್ಲಾ ಬಳಕೆಯಾಗುವ ಲಸಿಕೆ ಇನ್ನೂ ದೊರೆತಿಲ್ಲ.

ವಿಷಮಶೀತ ಜ್ವರವೆಂಬ ಟೈಫಾಯಿಡಿನ ವಿಷಯದಲ್ಲಿ ಒಂದು ಆಶ್ಚರ್ಯವಾದ ಸಂಗತಿಯುಂಟು. ಆ ಕ್ರಿಮಿಯ ಹೊರಗಿನ ಸಕ್ಕರೆಯಂಥ ಹೊದಿಕೆಯು ಒಳ್ಳೆಯ ಗುರುತು. ಆದರೆ ಎಳೆಯ ಮಕ್ಕಳ ಕಾವಲು ಅದನ್ನು ತಾನಾಗಿ ಕಲಿಯದು. ಬೇರೊಂದು ವಸ್ತುವಿಗೆ ಅದನ್ನು ಬೆಸೆದರೆ ಕಲಿಯುವದು. ಹೈದರಾಬಾದಿನಲ್ಲಿ ತಯಾರಾಗುವ ಲಸಿಕೆಯಲ್ಲಿ ಹಾಗೆ ಬೆಸೆದಿರುವದು, ವಿಷವನ್ನು ತೆಗೆದು ನಿರಪಾಯಗೊಳಿಸಿದ ಧನುರ್ವಾಯುವಿನ ಅಂಶವನ್ನೇ. ಮುಲ್ಕೋವಾಲಿನಲ್ಲಿ 19 ಮಂದಿಯನ್ನು ಕೊಂದು ಹಾಫ್‌ಕಿನ್ನರ ಹೆಸರನ್ನು ಕೆಡಿಸಿದ ಆ ಕ್ರಿಮಿಯ ವಿಷವೇ, ಪಳಗಿದ ಆನೆಯಂತೆ, ಈಗ ಹಳ್ಳಿಯ ಕೂಸುಗಳನ್ನು ಕಾಯುವ ಕೆಲಸಕ್ಕೆ ಬಂದಿದೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಈ ಬಗೆಯ ಲಸಿಕೆಯನ್ನು ಆರು ತಿಂಗಳು ತುಂಬಿದ ಮಕ್ಕಳಿಂದ ಹಿಡಿದು ಕೊಡಬಹುದೆಂದು ಸಲಹೆಮಾಡಿದರು.

ಲಸಿಕೆ ಇದೆಯೆಂದು ಕೆಟ್ಟ ನೀರನ್ನು ಕುಡಿಯಬಾರದು. ಹೊಳೆಯ ನೀರನ್ನು ಕುದಿಸಿ ಆರಿಸಿ ಕುಡಿಯುವದು, ಊಟಕ್ಕೆ ಮುಂಚೆ ಕೈ ತೊಳೆಯುವದು, ಶೌಚವನ್ನು ನೀರಿನ ಬಳಿಯಲ್ಲಿ ಮಾಡದಿರುವದು, ಭೇದಿಯಾದವನಿಗೆ ತಡಮಾಡದೆ ಉಪ್ಪುಸಕ್ಕರೆ ಬೆರಸಿದ ಶುದ್ಧವಾದ ನೀರನ್ನು ಕುಡಿಸುತ್ತಾ ಆಸ್ಪತ್ರೆಗೆ ಒಯ್ಯುವದು, ಇವು ಪ್ರತಿ ಮನೆಯಿಂದ ಆಗತಕ್ಕ ಕೆಲಸಗಳು. ಲಸಿಕೆ ಹಾಕುವವರು ಊರಿಗೆ ಬಂದಾಗ ಭಯಪಟ್ಟು ಓಡುವದೂ ಬೇಡ, ಕಣ್ಣು ಮುಚ್ಚಿ ತೋಳೊಡ್ಡುವದೂ ಬೇಡ. ಮದ್ದು ಯಾವದು, ಸೂಜಿ ಹೊಸದೋ, ಜ್ವರ ಬಂದರೆ ಏನು ಮಾಡಬೇಕು ಎಂದು ಮರ್ಯಾದೆಯಿಂದ ಕೇಳಿ ತಿಳಿದುಕೊಳ್ಳುವ ಹಕ್ಕು ಹಳ್ಳಿಯ ತಾಯಂದಿರಿಗೂ ಉಂಟು. ಕೇಳಿದವರಿಗೆ ತಾಳ್ಮೆಯಿಂದ ಉತ್ತರ ಹೇಳುವದು, ತಾನು ಕೊಡುವದನ್ನು ಮೊದಲು ತಾನೇ ತೆಗೆದುಕೊಳ್ಳುವದು, ಲೆಕ್ಕದಲ್ಲಿ ಸುಳ್ಳು ಸೇರಿಸದಿರುವದು, ಇವು ಹಾಫ್‌ಕಿನ್ನರು ಈ ದೇಶದ ಬಡವರ ಕೇರಿಗಳಲ್ಲಿ ನಡೆದುಕೊಂಡ ರೀತಿಗಳು. ಅವರ ಮದ್ದು ಹಳೆಯದಾಗಿ ಹೊಸ ಮದ್ದುಗಳು ಬಂದಿವೆ. ಆ ನಡತೆಯು ಇಂದಿಗೂ ಬೇಕಾಗಿದೆ.